ಮೊದಲು ದೂರ, ಆಮೇಲೆ ವೇಗ

ಬೆಳಗಿನ ಜಾವ ಯಾದಗಿರಿಯ ಕೋಟೆ ಬೆಟ್ಟದ ಕೆಳಗಣ ರಸ್ತೆಯಲ್ಲಿ, ಶಹಾಪುರದ ಮಲಗಿದ ಬುದ್ಧನ ಬೆಟ್ಟ ಕಾಣುವ ಬಯಲಿನಲ್ಲಿ, ಸುರಪುರದ ಏರುದಾರಿಯಲ್ಲಿ ಓಡುವವರು ಎರಡು ಬಗೆ. ಪೊಲೀಸ್ ಪೇದೆಯ ಕೆಲಸಕ್ಕೆ ಸಿದ್ಧರಾಗುವ ತರುಣರು ಒಂದು ಬಗೆ. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕೆಂಬ ಚಿಂತೆ ಅವರದು. ಆರೋಗ್ಯಕ್ಕಾಗಿ, ಕೇವಲ ಸಂತೋಷಕ್ಕಾಗಿ ಓಡತೊಡಗಿದ ಗುಮಾಸ್ತರು, ಅಧ್ಯಾಪಕರು, ಗೃಹಿಣಿಯರು ಇನ್ನೊಂದು ಬಗೆ. ಇಬ್ಬರನ್ನೂ ಕಾಡುವ ಪ್ರಶ್ನೆ ಒಂದೇ: ಮೊದಲು ಬೆಳೆಸಬೇಕಾದದ್ದು ದೂರವನ್ನೋ, ವೇಗವನ್ನೋ?

ಹೊಸಬನ ಮನಸ್ಸು ಸಹಜವಾಗಿ ವೇಗದತ್ತ ಹರಿಯುತ್ತದೆ. ನಾನೂ ಹಾಗೆಯೇ ತೊಡಗಿದವನು. ದಿನವೂ ಗಡಿಯಾರ ನೋಡಿ, ನಿನ್ನೆಗಿಂತ ಬೇಗ ಎಂದು ಓಡಿದೆ. ಮೂರನೆಯ ವಾರಕ್ಕೆ ಮುಂಗಾಲಿನ ಮೂಳೆಯ ಅಂಚಿನಲ್ಲಿ ನೋವು ನೆಲೆಸಿತು. ಒಂದು ತಿಂಗಳು ಮನೆಯಲ್ಲಿ ಕುಳಿತೆ. ಹೀಗೆ ಕುಳಿತವರಲ್ಲಿ ಎಷ್ಟೋ ಜನ ಮತ್ತೆ ಏಳುವುದೇ ಇಲ್ಲ, ನಷ್ಟವಿರುವುದು ಅಲ್ಲಿ.

ಇದಕ್ಕೆ ಕಾರಣ ದೇಹದ ರಚನೆಯಲ್ಲಿಯೇ ಇದೆ. ಅಭ್ಯಾಸ ಆರಂಭಿಸಿದ ಕೆಲವೇ ವಾರಗಳಲ್ಲಿ ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕಲು ಕಲಿಯುತ್ತದೆ; ಉಸಿರಾಟ ಹಗುರಾಗುತ್ತದೆ. ಆದರೆ ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಎದೆ 'ಓಡು' ಎನ್ನುವಾಗ ಕಾಲು ಇನ್ನೂ ಸಿದ್ಧವಾಗಿರುವುದಿಲ್ಲ. ನಿಧಾನದ ಓಟ ಈ ಅಂತರವನ್ನು ತುಂಬುತ್ತದೆ. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಆಮ್ಲಜನಕವನ್ನು ಬಳಸಿ ಶಕ್ತಿಯನ್ನು ಉತ್ಪಾದಿಸುವ ಜೀವಕೋಶದ ಕಣಗಳು ಬೆಳೆಯುತ್ತವೆ.

ಮೇಲೆ ಹೇಳಿದ 1600 ಮೀಟರು ಕೇವಲ ವೇಗದ ಪರೀಕ್ಷೆಯೆಂದು ತರುಣರು ತಿಳಿಯುವುದುಂಟು. ವಾಸ್ತವದಲ್ಲಿ ಅಷ್ಟು ದೂರದ ಓಟಕ್ಕೆ ಬೇಕಾದ ಶಕ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಒದಗುವುದು ಆಮ್ಲಜನಕದ ನೆರವಿನಿಂದಲೇ. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಈ ಮರ್ಮವನ್ನು ಅರಿತಿದ್ದರು. 800 ಮೀಟರಿನ ಓಟಗಾರ ಪೀಟರ್ ಸ್ನೆಲ್‌ನಿಂದಲೂ ಅವರು ವಾರಕ್ಕೆ ನೂರು ಮೈಲಿಯವರೆಗೆ ಓಡಿಸಿದರು. ಸ್ನೆಲ್ 1960ರ ರೋಮ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದರು. 1964ರ ಟೋಕಿಯೋದಲ್ಲಿ 800 ಮತ್ತು 1500 ಮೀಟರುಗಳೆರಡರಲ್ಲಿಯೂ ಗೆದ್ದರು. ನೂರು ಮೈಲಿ ನಮಗೆ ಬೇಡ. ಅದರ ಹಿಂದಿನ ತತ್ತ್ವ ಸಾಕು.

ಹಾಗಾದರೆ ಹೊಸಬರು ಮಾಡಬೇಕಾದದ್ದೇನು? ವಾರಕ್ಕೆ ಮೂರು ನಾಲ್ಕು ದಿನ, ದಿನಕ್ಕೆ ಇಪ್ಪತ್ತು ಮೂವತ್ತು ನಿಮಿಷ, ಸ್ವಲ್ಪ ಓಟ ಸ್ವಲ್ಪ ನಡಿಗೆ. ಜೊತೆಗಾರನೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ. ಮಾತು ಮುರಿದರೆ ನಿಧಾನಿಸಬೇಕು. ಹತ್ತರಲ್ಲೊಂದು ಪಾಲಿನಂತೆ ವಾರವಾರವೂ ಹೆಚ್ಚಿಸಬಹುದೆಂಬುದು ಒಂದು ಅಂದಾಜು ಮಾತ್ರ. ಕಾಲಿನ ನೋವೇ ನಿಜವಾದ ಅಳತೆಗೋಲು. ದೂರವನ್ನೂ ದುಡುಕಿ ಏರಿಸಿದರೆ ಅದೂ ಪೆಟ್ಟು ಕೊಡುತ್ತದೆ. ಎದೆನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಮೊದಲು ವೈದ್ಯರನ್ನು ಕಾಣಬೇಕು.

ನಮ್ಮ ಸೀಮೆಯ ಬಿಸಿಲನ್ನೂ ಮರೆಯುವಂತಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಈ ನೆಲದಲ್ಲಿ ಸೂರ್ಯ ಏರುವ ಮುನ್ನವೇ ಓಟ ಮುಗಿಯಬೇಕು. ಸೆಖೆಗೆ ಮೈ ಒಗ್ಗಲು ಹತ್ತು ಹದಿನಾಲ್ಕು ದಿನಗಳು ಬೇಕು. ಅಲ್ಲಿಯವರೆಗೆ ವೇಗ ತಾನಾಗಿಯೇ ಕುಗ್ಗುತ್ತದೆ. ಅದು ಸೋಲಲ್ಲ.

ವೇಗ ಬೇಡವೆಂದು ನನ್ನ ಅಭಿಪ್ರಾಯವಲ್ಲ. ಎರಡು ಮೂರು ತಿಂಗಳು ನೋವಿಲ್ಲದೆ ಕಳೆದ ಮೇಲೆ, ನಿಧಾನದ ಓಟದ ಕೊನೆಯಲ್ಲಿ ಇಪ್ಪತ್ತು ಸೆಕೆಂಡುಗಳ ನಾಲ್ಕಾರು ಚುರುಕು ಓಟಗಳನ್ನು ಸೇರಿಸಬಹುದು. ಮುಂದೆ ವಾರಕ್ಕೊಂದು ದಿನ ವೇಗದ ಅಭ್ಯಾಸ. ಅದರಿಂದ ಹೆಜ್ಜೆ ಹದಗೊಳ್ಳುತ್ತದೆ. ನೇಮಕಾತಿಯ ತರುಣನಿಗಂತೂ ಅದು ಅನಿವಾರ್ಯ.

ದೂರದ ಓಟ ನಾಡಿಗೆ ಹೊಸದಲ್ಲ. ಬೆಳಗಾವಿಯ ಫಡೆಪ್ಪ ಚೌಗುಲೆ 1920ರಲ್ಲಿಯೇ ಆಂಟ್ವರ್ಪ್ ಒಲಿಂಪಿಕ್ಸಿನ ಮ್ಯಾರಥಾನ್ ಓಡಿ 19ನೆಯವರಾದರು. ಇನ್ನು ತತ್ತ್ವವನ್ನು ನಮ್ಮ ರೈತನಿಗೆ ಹೇಳಿಕೊಡಬೇಕಾದ್ದಿಲ್ಲ. ಹಿಂಗಾರಿಯ ಬಿಳಿಜೋಳ ತೆನೆ ಹಿಡಿಯುವಾಗ ಮಳೆ ಇರುವುದಿಲ್ಲ; ಎರೆಮಣ್ಣು ಮೊದಲೇ ಕುಡಿದಿಟ್ಟ ಹಸಿಯೇ ಅದನ್ನು ಕಾಯುತ್ತದೆ. ದೂರವೆಂಬುದು ಆ ಹಸಿ, ವೇಗವೆಂಬುದು ತೆನೆ.