ಮೇಳಕ್ಕೆ ಹೋದ ಸರಕು ಮರಳುವವರೆಗೆ: ಎಟಿಎ ಕಾರ್ನೆಟ್ ಮತ್ತು ಮೂರು ಗಡುವುಗಳು

ಹೊರದೇಶಗಳ ವಾಣಿಜ್ಯ ಮೇಳಗಳಲ್ಲಿ ಮಳಿಗೆ ಹಿಡಿಯುವುದು ಇಂದು ದೊಡ್ಡ ಕಂಪನಿಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಪೀಣ್ಯದ ಯಂತ್ರೋಪಕರಣ ತಯಾರಕರು, ಚನ್ನಪಟ್ಟಣದ ಆಟಿಕೆ ತಯಾರಕರು, ಗ್ರಾನೈಟ್ ಹಾಗೂ ರೇಷ್ಮೆ ಉದ್ಯಮಿಗಳು ತಮ್ಮ ಮಾದರಿಗಳನ್ನು ವಿದೇಶೀ ಖರೀದಿದಾರರ ಕಣ್ಣಮುಂದೆ ಇಡಬೇಕಾದ ಕಾಲವಿದು. ಇಂತಹ ಸರಕು ಮಾರಾಟಕ್ಕಾಗಿ ಹೋಗುವುದಿಲ್ಲ. ಪ್ರದರ್ಶನ ಮುಗಿದೊಡನೆ ಮರಳಿ ಬರುತ್ತದೆ. ಆದರೂ ಅದು ಇನ್ನೊಂದು ದೇಶದ ಗಡಿ ದಾಟಿದಾಗ ಅಲ್ಲಿನ ಕಾನೂನಿನ ದೃಷ್ಟಿಯಲ್ಲಿ ಅದೊಂದು ಆಮದು. ಆಮದು ಎಂದಮೇಲೆ ಸುಂಕವೂ ಮೌಲ್ಯವರ್ಧಿತ ತೆರಿಗೆಯೂ ಎದುರಾಗುತ್ತವೆ. ಸುಂಕ ಕಟ್ಟಿ ನಂತರ ಮರುಪಾವತಿ ಕೇಳುವುದು, ಇಲ್ಲವೇ ಪ್ರತಿಯೊಂದು ದೇಶದಲ್ಲೂ ಠೇವಣಿ ಅಥವಾ ಬಾಂಡ್ ನೀಡುವುದು ಸಾಮಾನ್ಯ ಮಾರ್ಗ. ಇದರಿಂದ ಸಣ್ಣ ಉದ್ಯಮದ ದುಡಿಯುವ ಬಂಡವಾಳ ತಿಂಗಳುಗಟ್ಟಲೆ ಕಟ್ಟಿಹೋಗುತ್ತದೆ.

ಈ ತೊಡಕನ್ನು ನಿವಾರಿಸಲು ಇರುವ ಅಂತರರಾಷ್ಟ್ರೀಯ ದಾಖಲೆಯೇ ಎಟಿಎ ಕಾರ್ನೆಟ್. 'ತಾತ್ಕಾಲಿಕ ಪ್ರವೇಶ' ಎಂಬರ್ಥದ ಫ್ರೆಂಚ್ ಹಾಗೂ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಬೆರೆಸಿ ಈ ಹೆಸರನ್ನಿಡಲಾಗಿದೆ. 1961ರಲ್ಲಿ ಬ್ರಸೆಲ್ಸ್‌ನಲ್ಲಿ ರೂಪುಗೊಂಡ ಎಟಿಎ ಒಡಂಬಡಿಕೆ ಮತ್ತು 1990ರ ಇಸ್ತಾಂಬುಲ್ ಒಡಂಬಡಿಕೆ ಇದರ ಕಾನೂನಾತ್ಮಕ ಆಧಾರಗಳು. ಎಪ್ಪತ್ತೈದಕ್ಕೂ ಹೆಚ್ಚು ದೇಶಗಳು ಹಾಗೂ ಪ್ರದೇಶಗಳು ಇದನ್ನು ಮಾನ್ಯ ಮಾಡುತ್ತವೆ. ನಮ್ಮ ಉದ್ಯಮಿಗಳಿಗೆ ಮುಖ್ಯವಾದ ಕೊಲ್ಲಿ ರಾಷ್ಟ್ರಗಳ ಪೈಕಿ ಸಂಯುಕ್ತ ಅರಬ್ ಎಮಿರೇಟ್ಸ್ 2011ರಿಂದಲೂ, ಸೌದಿ ಅರೇಬಿಯಾ 2024ರಿಂದಲೂ ಕಾರ್ನೆಟ್ ಸ್ವೀಕರಿಸುತ್ತಿವೆ. ಭಾರತದಲ್ಲಿ ಇದನ್ನು ನೀಡುವ ಮತ್ತು ಇದಕ್ಕೆ ಖಾತರಿ ನಿಲ್ಲುವ ಸಂಸ್ಥೆ ಫಿಕ್ಕಿ.

ಖಾತರಿಯ ಸರಪಳಿ

ಕಾರ್ನೆಟ್ ಕೇವಲ ಅನುಮತಿ ಪತ್ರವಲ್ಲ. ಅದೊಂದು ಖಾತರಿ ಪತ್ರ. ಸರಕು ಮರಳಿ ಹೊರಹೋಗದಿದ್ದಲ್ಲಿ ಆತಿಥೇಯ ದೇಶದ ಕಸ್ಟಮ್ಸ್ ತನ್ನ ದೇಶದ ಖಾತರಿ ಸಂಸ್ಥೆಯಿಂದ ಸುಂಕ ವಸೂಲು ಮಾಡುತ್ತದೆ. ಆ ಸಂಸ್ಥೆ ಕಾರ್ನೆಟ್ ನೀಡಿದ ದೇಶದ ಸಂಸ್ಥೆಯಿಂದ, ಅಂದರೆ ಭಾರತದ ಮಟ್ಟಿಗೆ ಫಿಕ್ಕಿಯಿಂದ, ಅದನ್ನು ಪಡೆಯುತ್ತದೆ. ಫಿಕ್ಕಿ ಕಾರ್ನೆಟ್ ಪಡೆದವರಿಂದ ವಸೂಲು ಮಾಡುತ್ತದೆ. ಕಾರ್ನೆಟ್ ನೀಡುವ ಮುನ್ನವೇ ಅರ್ಜಿದಾರರಿಂದ ಭದ್ರತೆ ಪಡೆಯುವುದು ಈ ಕಾರಣಕ್ಕಾಗಿಯೇ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. 20 ಲಕ್ಷ ರೂ. ಮೌಲ್ಯದ ಯಂತ್ರವೊಂದು ಕಾರ್ನೆಟ್ ಮೇಲೆ ಜರ್ಮನಿಗೆ ಹೋಯಿತೆನ್ನೋಣ. ಅಲ್ಲಿನ ಮೌಲ್ಯವರ್ಧಿತ ತೆರಿಗೆ ಶೇ. 19. ಆಮದು ಸುಂಕವೂ ಸೇರಿ ಒಟ್ಟು ಭಾರ ಶೇ. 22 ಎಂದು ಭಾವಿಸಿದರೆ ಮೊತ್ತ 4.40 ಲಕ್ಷ ರೂ. ಒಡಂಬಡಿಕೆಯ ಪ್ರಕಾರ ಈ ಮೊತ್ತದ ಮೇಲೆ ಶೇ. 10ರವರೆಗೆ ಹೆಚ್ಚುವರಿ ವಸೂಲಿಗೂ ಅವಕಾಶವಿದೆ. ಅದು 44,000 ರೂ. ಹೀಗೆ ಒಂದು ಮುದ್ರೆ ತಪ್ಪಿದ್ದಕ್ಕೆ 4.84 ಲಕ್ಷ ರೂ. ಬಾಧ್ಯತೆ ತಲೆದೋರಬಹುದು.

ಬಣ್ಣದ ಹಾಳೆಗಳ ಕ್ರಮ

ಕಾರ್ನೆಟ್ ಹಸಿರು ಹೊದಿಕೆಯ ಪುಸ್ತಿಕೆಯ ರೂಪದಲ್ಲಿರುತ್ತದೆ. ಹಳದಿ ಹಾಳೆಗಳು ಸ್ವದೇಶದಿಂದ ಸರಕು ಹೊರಡುವಾಗ ಮತ್ತು ಮರಳುವಾಗ ಬಳಕೆಗೆ; ಬಿಳಿ ಹಾಳೆಗಳು ಆತಿಥೇಯ ದೇಶದ ಪ್ರವೇಶ ಮತ್ತು ನಿರ್ಗಮನಕ್ಕೆ; ನೀಲಿ ಹಾಳೆಗಳು ಸರಕು ಬೇರೊಂದು ದೇಶವನ್ನು ಹಾದುಹೋಗುವಾಗ. ಪ್ರತಿ ಹಾಳೆಯಲ್ಲೂ ಎರಡು ಭಾಗಗಳಿವೆ. ವೋಚರ್ ಕಸ್ಟಮ್ಸ್ ಕಚೇರಿಯಲ್ಲಿ ಉಳಿಯುತ್ತದೆ. ಕೌಂಟರ್‌ಫಾಯಿಲ್ ಮುದ್ರೆ ಸಹಿತ ಪುಸ್ತಿಕೆಯಲ್ಲೇ ಉಳಿಯುತ್ತದೆ. ಈ ಕೌಂಟರ್‌ಫಾಯಿಲೇ ಮುಂದೆ ಉದ್ಯಮಿಯ ಸಾಕ್ಷ್ಯ.

ಐರೋಪ್ಯ ಒಕ್ಕೂಟ ಒಂದೇ ಸುಂಕ ಪ್ರದೇಶವಾದ್ದರಿಂದ ಹ್ಯಾಂಬರ್ಗ್‌ನಲ್ಲಿ ಒಳಹೊಕ್ಕ ಸರಕು ಪ್ಯಾರಿಸ್‌ನಿಂದ ಹೊರಬರಬಹುದು. ನಡುವಿನ ಗಡಿಗಳಲ್ಲಿ ಮುದ್ರೆಯ ಅಗತ್ಯವಿಲ್ಲ. ಆದರೆ ಸ್ವಿಟ್ಜರ್ಲೆಂಡ್ ಒಕ್ಕೂಟದ ಹೊರಗಿದೆ, ಬ್ರಿಟನ್ ಕೂಡ 2021ರಿಂದ ಪ್ರತ್ಯೇಕ. ಅಲ್ಲಿಗೆ ಹೋಗುವುದಾದರೆ ಬೇರೆಯೇ ಬಿಳಿ ಹಾಳೆಗಳು ಬೇಕು. ಆದ್ದರಿಂದ ಅರ್ಜಿ ಸಲ್ಲಿಸುವ ಮೊದಲೇ ಪ್ರಯಾಣದ ಪೂರ್ಣ ಮಾರ್ಗವನ್ನು ನಿರ್ಧರಿಸಿಕೊಳ್ಳುವುದು ಕ್ಷೇಮ.

ಸರಕಿನ ಪಟ್ಟಿಯೇ ಕಾರ್ನೆಟ್‌ನ ಜೀವಾಳ. ಪ್ರತಿ ವಸ್ತುವಿನ ವಿವರಣೆ, ಕ್ರಮಸಂಖ್ಯೆ, ಸಂಖ್ಯೆ, ತೂಕ, ಮೌಲ್ಯ ಹಾಗೂ ಮೂಲದೇಶ ಇದರಲ್ಲಿ ನಮೂದಾಗಬೇಕು. ಕಾರ್ನೆಟ್ ನೀಡಿದ ನಂತರ ಪಟ್ಟಿಗೆ ಹೊಸ ವಸ್ತು ಸೇರಿಸುವಂತಿಲ್ಲ. 'ಯಂತ್ರದ ಬಿಡಿಭಾಗಗಳು, ಒಂದು ಪೆಟ್ಟಿಗೆ' ಎಂಬಂತಹ ನಮೂದು ಗುರುತಿಗೆ ಸಾಲದು. ಹೋದ ವಸ್ತುವೇ ಮರಳಿ ಬಂದಿದೆ ಎಂದು ಅಧಿಕಾರಿಗೆ ಮನದಟ್ಟಾಗುವಂತೆ ಪಟ್ಟಿ ಇರತಕ್ಕದ್ದು.

ಯಾವುದಕ್ಕೆ ಕಾರ್ನೆಟ್ ಸಲ್ಲದು?

ಪ್ರದರ್ಶನದ ವಸ್ತುಗಳು, ವಾಣಿಜ್ಯ ಮಾದರಿಗಳು, ಎಂಜಿನಿಯರ್ ಅಥವಾ ಚಿತ್ರತಂಡ ಕೊಂಡೊಯ್ಯುವ ವೃತ್ತಿಪರ ಉಪಕರಣಗಳು ಕಾರ್ನೆಟ್ ವ್ಯಾಪ್ತಿಗೆ ಬರುತ್ತವೆ. ಆದರೆ ಪ್ರತಿ ದೇಶವೂ ಎಲ್ಲ ಉದ್ದೇಶಗಳನ್ನೂ ಒಪ್ಪಬೇಕೆಂದೇನಿಲ್ಲ, ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. ಮಳಿಗೆಯಲ್ಲಿ ಹಂಚುವ ಕರಪತ್ರ, ರುಚಿ ನೋಡಲು ಕೊಡುವ ಕಾಫಿಪುಡಿ, ಸಾಂಬಾರ ಪದಾರ್ಥ ಮುಂತಾಗಿ ಖರ್ಚಾಗಿಹೋಗುವ ವಸ್ತುಗಳಿಗೂ, ದುರಸ್ತಿ ಅಥವಾ ಸಂಸ್ಕರಣೆಗಾಗಿ ಹೋಗುವ ಸರಕಿಗೂ ಇದು ಅನ್ವಯಿಸದು. ಇವುಗಳನ್ನು ಬೇರೆ ಪೆಟ್ಟಿಗೆಯಲ್ಲಿ, ಬೇರೆ ದಾಖಲೆಯೊಂದಿಗೆ ಕಳುಹಿಸತಕ್ಕದ್ದು.

ಮಾರಾಟದ ಉದ್ದೇಶದಿಂದ ಹೋಗುವ ಸರಕಿಗೂ ಕಾರ್ನೆಟ್ ಇಲ್ಲ. ಮೇಳದ ಕೊನೆಯ ದಿನ ಪ್ರದರ್ಶನದ ಯಂತ್ರಕ್ಕೆ ಗಿರಾಕಿ ಸಿಕ್ಕರೆ ಮಾಡುವುದೇನು? ಕಸ್ಟಮ್ಸ್‌ಗೆ ತಿಳಿಸದೆ ಯಂತ್ರವನ್ನು ಬಿಟ್ಟುಬಂದರೆ ಕಾರ್ನೆಟ್ ತೆರೆದೇ ಉಳಿಯುತ್ತದೆ. ಗಡುವಿಗೆ ಮೊದಲು ಅಲ್ಲಿನ ಕಸ್ಟಮ್ಸ್ ಅನುಮತಿ ಪಡೆದು, ಸುಂಕ ಪಾವತಿಸಿ, ಆ ವಸ್ತುವಿನ ಮಟ್ಟಿಗೆ ಕಾರ್ನೆಟ್ ಮುಕ್ತಾಯಗೊಂಡ ಬಗ್ಗೆ ದಾಖಲೆ ಪಡೆಯಬೇಕು. ಸುಂಕ ಯಾರದೆಂಬುದನ್ನು ಗಿರಾಕಿಯೊಡನೆ ಬೆಲೆ ಮಾತಾಡುವಾಗಲೇ ಇತ್ಯರ್ಥ ಮಾಡಿಕೊಳ್ಳಬೇಕು. ಮಾರಾಟದ ಹಣವನ್ನು ಭಾರತಕ್ಕೆ ತರಬೇಕಾದುದು ವಿದೇಶೀ ವಿನಿಮಯ ಕಾನೂನಿನ ಬಾಧ್ಯತೆ. ಬ್ಯಾಂಕಿಗೂ ಮಾಹಿತಿ ನೀಡತಕ್ಕದ್ದು.

ಮೂರು ಗಡುವುಗಳು

ಕಾರ್ನೆಟ್ ವಿಷಯದಲ್ಲಿ ಉದ್ಯಮಿಗಳು ಎಡವುವುದು ಹೆಚ್ಚಾಗಿ ದಿನಾಂಕಗಳಲ್ಲಿ. ಇಲ್ಲಿ ಒಂದಲ್ಲ, ಮೂರು ಗಡುವುಗಳಿವೆ.

ಮೊದಲನೆಯದು ಕಾರ್ನೆಟ್‌ನ ಅವಧಿ. ನೀಡಿದ ದಿನದಿಂದ ಗರಿಷ್ಠ ಒಂದು ವರ್ಷ.

ಎರಡನೆಯದು ಆತಿಥೇಯ ದೇಶದ ಕಸ್ಟಮ್ಸ್ ನಿಗದಿ ಮಾಡುವ ಮರುರಫ್ತಿನ ಕೊನೆಯ ದಿನ. ಇದನ್ನು ಬಿಳಿ ಆಮದು ಕೌಂಟರ್‌ಫಾಯಿಲಿನ ಮೇಲೆ ಬರೆಯಲಾಗುತ್ತದೆ. ಇದು ಕಾರ್ನೆಟ್ ಅವಧಿಗಿಂತ ಬಹಳ ಮೊದಲೇ ಇರಬಹುದು. ಹೊದಿಕೆಯ ಮೇಲಿನ ದಿನಾಂಕವನ್ನಷ್ಟೇ ನೋಡಿ ನಿಶ್ಚಿಂತರಾಗಿರುವುದು ಅಪಾಯಕರ.

ಮೂರನೆಯದು ನಮ್ಮದೇ ದೇಶದ ಜಿಎಸ್‌ಟಿ ಕಾನೂನಿನದು. ಹಲವರ ಗಮನಕ್ಕೆ ಬಾರದೆ ಹೋಗುವುದೂ ಇದೇ. 2019ರ ಜುಲೈ 18ರ 108ನೇ ಸಂಖ್ಯೆಯ ಜಿಎಸ್‌ಟಿ ಸುತ್ತೋಲೆಯ ಪ್ರಕಾರ, ಪ್ರದರ್ಶನಕ್ಕಾಗಿ ಹೊರದೇಶಕ್ಕೆ ಕಳುಹಿಸುವ ಸರಕು, ಕಳುಹಿಸುವ ಹಂತದಲ್ಲಿ 'ಪೂರೈಕೆ' ಎನಿಸುವುದಿಲ್ಲ. ತೆರಿಗೆ ಇನ್‌ವಾಯ್ಸ್ ಬೇಕಿಲ್ಲ, ಬಾಂಡ್ ಅಥವಾ ಎಲ್‌ಯುಟಿಯೂ ಬೇಕಿಲ್ಲ. ಡೆಲಿವರಿ ಚಲನ್ ಸಾಕು. ಆದರೆ ಸರಕು ಹೊರಟ ದಿನದಿಂದ ಆರು ತಿಂಗಳೊಳಗೆ ಅದು ಮಾರಾಟವಾಗಿರಬೇಕು ಇಲ್ಲವೇ ಮರಳಿ ಬಂದಿರಬೇಕು. ಎರಡೂ ಆಗದಿದ್ದಲ್ಲಿ, ಆರು ತಿಂಗಳು ಮುಗಿದ ದಿನವೇ ಪೂರೈಕೆ ನಡೆದಂತೆ ಭಾವಿಸಿ ಇನ್‌ವಾಯ್ಸ್ ನೀಡಬೇಕಾಗುತ್ತದೆ. ಸ್ವಂತ ವಿದೇಶೀ ಶಾಖೆಗೆ ಕಳುಹಿಸುವಂತಹ, ಕಾನೂನಿನ ಮೊದಲ ಅನುಸೂಚಿಗೆ ಒಳಪಡುವ ಪ್ರಸಂಗಗಳಿಗೆ ಈ ಸುತ್ತೋಲೆಯ ಸೌಲಭ್ಯವಿಲ್ಲ.

ಉದಾಹರಣೆಗೆ, ಸರಕು ಜನವರಿ 10ರಂದು ಕಾರ್ಖಾನೆಯಿಂದ ಹೊರಟಿದೆ ಎನ್ನೋಣ. ಫೆಬ್ರವರಿಯಲ್ಲಿ ಯೂರೋಪಿನ ಮೇಳ, ಮೇ ತಿಂಗಳಲ್ಲಿ ದುಬೈ, ಸೆಪ್ಟೆಂಬರಿನಲ್ಲಿ ಮತ್ತೆ ಯೂರೋಪು. ಒಂದೇ ಕಾರ್ನೆಟ್‌ನಲ್ಲಿ ಮೂರನ್ನೂ ಮುಗಿಸಲು ಅವಧಿ ಧಾರಾಳವಾಗಿದೆ. ಆದರೆ ಜಿಎಸ್‌ಟಿ ಗಡುವು ಜುಲೈ 10ಕ್ಕೇ ಮುಗಿಯುತ್ತದೆ. ಅಂದು ಇನ್‌ವಾಯ್ಸ್ ಮಾಡಿದರೆ, ಲೆಕ್ಕಪುಸ್ತಕದಲ್ಲಿ ಪೂರೈಕೆಯಾದ ಸರಕು ಅಕ್ಟೋಬರಿನಲ್ಲಿ ಕಾರ್ನೆಟ್ ಮೇಲೆ ತನ್ನದೇ ಸರಕಾಗಿ ಮರಳುತ್ತದೆ. ಎರಡು ಇಲಾಖೆಗಳ ಮುಂದೆ ಎರಡು ಬಗೆಯ ಕಾಗದ! ಇಂತಹ ಇಕ್ಕಟ್ಟಿಗಿಂತ ಎರಡನೆಯ ಮೇಳದ ನಂತರ ಸರಕನ್ನು ಒಮ್ಮೆ ಭಾರತಕ್ಕೆ ತಂದು, ಹಳದಿ ಹಾಳೆಯ ಮೇಲೆ ಮುದ್ರೆ ಹಾಕಿಸಿ, ಹೊಸ ಚಲನ್‌ನೊಂದಿಗೆ ಮತ್ತೆ ಕಳುಹಿಸುವುದು ಲೇಸು. ಇದಕ್ಕೆ ಬೇಕಾದಷ್ಟು ಹಳದಿ ಹಾಳೆಗಳನ್ನು ಅರ್ಜಿಯಲ್ಲೇ ಕೇಳಿರಬೇಕು. ಸಾಗಣೆಯ ವೆಚ್ಚವನ್ನೂ ಮೊದಲೇ ಲೆಕ್ಕ ಹಾಕಿರಬೇಕು.

ಮಾರಾಟವಾದ ಭಾಗಕ್ಕೆ ಇನ್‌ವಾಯ್ಸ್ ನೀಡಿದ ಮೇಲೆ ಶೂನ್ಯ ದರದ ಪೂರೈಕೆಯೆಂದು ಬಳಕೆಯಾಗದ ಹೂಡುವಳಿ ತೆರಿಗೆಯ ಮರುಪಾವತಿ ಕೋರಬಹುದು. ಕಳುಹಿಸಿದ, ಮಾರಿದ ಮತ್ತು ಮರಳಿದ ಸರಕಿನ ದಾಖಲೆ ಪುಸ್ತಕವನ್ನು ಇಟ್ಟಿರಬೇಕೆಂದೂ ಸುತ್ತೋಲೆ ವಿಧಿಸುತ್ತದೆ.

ಮುದ್ರೆ ತಪ್ಪಿದಾಗ

ವಿಮಾನ ನಿಲ್ದಾಣದ ಅವಸರದಲ್ಲಿ ನಿರ್ಗಮನದ ಮುದ್ರೆ ತಪ್ಪಿಹೋಯಿತೆಂದು ಎಲ್ಲವೂ ಕೈಮೀರಿತೆಂದಲ್ಲ. ಭಾರತಕ್ಕೆ ಮರಳುವಾಗ ನಮ್ಮ ಕಸ್ಟಮ್ಸ್ ಹಳದಿ ಹಾಳೆಯಲ್ಲಿ ಮಾಡುವ ನಮೂದನ್ನು, ಸರಕು ಆ ದೇಶ ಬಿಟ್ಟಿದೆ ಎಂಬುದಕ್ಕೆ ಸಾಕ್ಷ್ಯವಾಗಿ ಒಡಂಬಡಿಕೆ ಒಪ್ಪುತ್ತದೆ. ಕ್ರಮಬದ್ಧಗೊಳಿಸುವ ಶುಲ್ಕ ಬೀಳಬಹುದು. ಆದ್ದರಿಂದ ಬೆಂಗಳೂರಿಗೆ ಬಂದಿಳಿದಾಗ ಹಳದಿ ಹಾಳೆಗೆ ಮುದ್ರೆ ಹಾಕಿಸುವುದನ್ನು ಎಂದಿಗೂ ಕೈಬಿಡಬಾರದು. ಭಾರತೀಯ ಕಸ್ಟಮ್ಸ್ ಕಾಯ್ದೆ, 1962ರ 20ನೇ ಕಲಮಿನ ಪ್ರಕಾರ ಮರಳಿ ಬಂದ ಸರಕೂ ಆಮದೇ. ಅದು ಹೋದ ಸರಕೇ ಎಂದು ಸಾಬೀತುಪಡಿಸಲೂ ಈ ದಾಖಲೆ ಬೇಕು.

ಕಾರ್ನೆಟ್ ಅವಧಿ ಮುಗಿದ ಒಂದು ವರ್ಷದೊಳಗೆ ಆತಿಥೇಯ ದೇಶದ ಕಸ್ಟಮ್ಸ್ ಬೇಡಿಕೆ ಸಲ್ಲಿಸಬಹುದು. ಬೇಡಿಕೆ ಬಂದ ಮೇಲೆ ಎಟಿಎ ಒಡಂಬಡಿಕೆಯಂತೆ ಮರುರಫ್ತಿನ ಸಾಕ್ಷ್ಯ ಒದಗಿಸಲು ಖಾತರಿ ಸಂಸ್ಥೆಗೆ ಆರು ತಿಂಗಳ ಕಾಲಾವಕಾಶವಿದೆ. ಆ ನಂತರ ಹಣ ಕಟ್ಟಬೇಕು. ಕಟ್ಟಿದ ಮೂರು ತಿಂಗಳೊಳಗೆ ಸಾಕ್ಷ್ಯ ಸಿಕ್ಕರೆ ಹಣ ಮರಳುತ್ತದೆ. ಇಲ್ಲವಾದರೆ ಅದು ಅಂತಿಮ. ಬೇಡಿಕೆಯ ಪತ್ರವನ್ನು ಕಡತದಲ್ಲಿಟ್ಟು ಮರೆಯುವುದರ ಬೆಲೆ ಇದು.

ಹೊರಡುವ ಮುನ್ನ

1. ಪಟ್ಟಿಯಲ್ಲಿನ ಪ್ರತಿ ವಸ್ತುವಿನ ಕ್ರಮಸಂಖ್ಯೆಯನ್ನು ವಸ್ತುವಿನ ಮೇಲಿನ ಸಂಖ್ಯೆಯೊಡನೆ ಹೋಲಿಸಿ, ಛಾಯಾಚಿತ್ರ ತೆಗೆದಿಡಬೇಕು.

2. ಸರಕಿನೊಡನೆ ಹೋಗುವ ಪ್ರತಿನಿಧಿಯ ಹೆಸರು ಕಾರ್ನೆಟ್‌ನಲ್ಲಿರಬೇಕು, ಇಲ್ಲವೇ ಅವರ ಬಳಿ ಅಧಿಕಾರ ಪತ್ರವಿರಬೇಕು.

3. ಹೊರಡುವ ಮೊದಲೇ ಭಾರತೀಯ ಕಸ್ಟಮ್ಸ್‌ನಲ್ಲಿ ಹಳದಿ ಹಾಳೆಗೆ ಮುದ್ರೆ ಹಾಕಿಸಬೇಕು. ಕೈಚೀಲದಲ್ಲಿ ಒಯ್ಯುವ ಮಾದರಿಗೂ ಇದು ಅನ್ವಯ.

4. ಮೂರೂ ಗಡುವುಗಳನ್ನು ಒಂದೇ ಹಾಳೆಯಲ್ಲಿ ಬರೆದು ಲೆಕ್ಕಪತ್ರ ವಿಭಾಗಕ್ಕೂ ಪ್ರತಿನಿಧಿಗೂ ನೀಡಬೇಕು. ಯಾವುದು ಮೊದಲು ಬರುತ್ತದೋ ಅದೇ ಸರಕು ಮರಳಬೇಕಾದ ದಿನ.

5. ಮರಳಿದ ನಂತರ ಬಳಸಿದ ಕಾರ್ನೆಟ್ ಅನ್ನು ತಡಮಾಡದೆ ಫಿಕ್ಕಿಗೆ ಹಿಂತಿರುಗಿಸಿ, ಎಲ್ಲ ಪುಟಗಳ ಪ್ರತಿಯನ್ನು ಕಚೇರಿಯಲ್ಲಿ ಉಳಿಸಿಕೊಳ್ಳಬೇಕು. ನೀಡಿದ ಭದ್ರತೆ ಬಿಡುಗಡೆಯಾಗುವುದು ಕಾರ್ನೆಟ್ ಕ್ರಮಬದ್ಧವಾಗಿ ಮುಕ್ತಾಯಗೊಂಡ ನಂತರವೇ.