ಹರ್ಮನ್‌ಪ್ರೀತ್ ಇಲ್ಲದಿದ್ದರೆ ಗೋಲಿಗೆ ಕಾವಲು ಯಾರು?

ಪ್ರಶ್ನೆ: 2026ರ ಪುರುಷರ ಹಾಕಿ ವಿಶ್ವಕಪ್‌ಗೆ ಭಾರತದ ರಕ್ಷಣಾ ಪಡೆಯಲ್ಲಿ ಸಾಕಷ್ಟು ಬಲವಿದೆಯೇ?

ಉತ್ತರ: ಆಟಗಾರರಿದ್ದಾರೆ, ಸಾಲದಿರುವುದು ಕೊನೆಯ ಕ್ವಾರ್ಟರ್‌ನ ನಿಯಂತ್ರಣ.

ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್ ನೆನಪಿಸಿಕೊಳ್ಳಿ. ಬ್ರಿಟನ್ ವಿರುದ್ಧ 17ನೇ ನಿಮಿಷದಲ್ಲೇ ಡಿಫೆಂಡರ್ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಮಿಡ್‌ಫೀಲ್ಡರ್ ಮನ್‌ಪ್ರೀತ್ ಸಿಂಗ್ ಹಿಂದೆ ಸರಿದು ಆ ಜಾಗ ತುಂಬಿದರು. 40 ನಿಮಿಷಕ್ಕೂ ಹೆಚ್ಚು ಕಾಲ ಹತ್ತೇ ಮಂದಿ ಆಡಿ 1-1ರಲ್ಲಿ ತಡೆದರು, ಶೂಟೌಟ್‌ನಲ್ಲಿ 4-2ರಿಂದ ಗೆದ್ದರು. ನನ್ನ ಮಟ್ಟಿಗೆ ಭಾರತ ಇತ್ತೀಚೆಗೆ ಆಡಿದ ಅತ್ಯುತ್ತಮ ರಕ್ಷಣಾತ್ಮಕ ಆಟ ಅದು. ಆದರೆ ರೋಹಿದಾಸ್ ನಿಷೇಧಕ್ಕೊಳಗಾದ ಸೆಮಿಫೈನಲ್‌ನಲ್ಲಿ ಜರ್ಮನಿ 3-2ರಿಂದ ಗೆದ್ದಿತು. ಒಬ್ಬರ ಗೈರು ಎಷ್ಟು ದುಬಾರಿಯೆಂದು ಅಲ್ಲಿ ಗೊತ್ತಾಯಿತು.

ಈಗ ರಕ್ಷಣೆಯಲ್ಲಿ ಹರ್ಮನ್‌ಪ್ರೀತ್ ಸಿಂಗ್, ರೋಹಿದಾಸ್ ಜೊತೆಗೆ ಜರ್ಮನ್‌ಪ್ರೀತ್, ಸುಮಿತ್, ಸಂಜಯ್, ಜುಗರಾಜ್ ಇದ್ದಾರೆ. ಜುಗರಾಜ್ ಡ್ರ್ಯಾಗ್ ಫ್ಲಿಕ್ ಕೂಡ ಬಲ್ಲವರು. ಕೊಡಗಿನ ವಿ.ಆರ್. ರಘುನಾಥ್ ಅವರ ಆಟ ಕಂಡವರಿಗೆ ಅಂಥ ಡಿಫೆಂಡರ್‌ನ ಬೆಲೆ ತಿಳಿದಿರುತ್ತದೆ.

ಚಿಂತೆ ಬೇರೆಡೆ ಇದೆ. 2025ರ ಜೂನ್‌ನಲ್ಲಿ ಪ್ರೊ ಲೀಗ್‌ನ ಯುರೋಪ್ ಹಂತದಲ್ಲಿ ಭಾರತ ಸತತ 7 ಪಂದ್ಯ ಸೋತಿತು. ನೆದರ್ಲೆಂಡ್ಸ್ ವಿರುದ್ಧದ ಎರಡೂ ಪಂದ್ಯಗಳು ಕೊನೆಯ ನಿಮಿಷಗಳಲ್ಲಿ ಕೈತಪ್ಪಿದವು. ಗೋಲ್‌ಕೀಪರ್ ಶ್ರೀಜೇಶ್ ನಿವೃತ್ತಿಯ ನಂತರ ಹಿಂದಿನಿಂದ ಕೂಗಿ ರಕ್ಷಕರನ್ನು ಜಾಗಕ್ಕೆ ನಿಲ್ಲಿಸುವ ದನಿಯೂ ಇಲ್ಲ. ಕೃಷನ್ ಪಾಠಕ್, ಸೂರಜ್ ಕರ್ಕೇರ ಒಳ್ಳೆಯ ಗೋಲ್‌ಕೀಪರ್‌ಗಳೇ, ಆದರೆ ಆ ಅಧಿಕಾರ ಬರಲು ಸಮಯ ಬೇಕು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಾಜಗೀರ್‌ನ ಏಷ್ಯಾ ಕಪ್ ಫೈನಲ್‌ನಲ್ಲಿ ಕೊರಿಯಾವನ್ನು 4-1ರಿಂದ ಸೋಲಿಸಿ ವಿಶ್ವಕಪ್ ಅರ್ಹತೆ ಪಡೆದದ್ದು ಭರವಸೆ ತಂದಿದೆ. ಬೆಲ್ಜಿಯಂ, ನೆದರ್ಲೆಂಡ್ಸ್ ನೆಲದಲ್ಲಿ ಸೆಮಿಫೈನಲ್ ತಲುಪುವ ಶಕ್ತಿ ಈ ತಂಡಕ್ಕಿದೆ ಎಂದೇ ನಾನು ನಂಬುತ್ತೇನೆ.