ಗುಹಾಜಲದ ವಿದ್ಯೆ: ಕಲಿಸುವವರ ಹೊಣೆ

2018ನೆಯ ಇಸವಿಯ ಜುಲೈ ತಿಂಗಳಲ್ಲಿ, ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಮಳೆನೀರಿನಿಂದ ಸೆರೆಯಾಗಿದ್ದ ಹನ್ನೆರಡು ಮಂದಿ ಬಾಲಕರನ್ನೂ ಅವರ ಶಿಕ್ಷಕನನ್ನೂ ಜೀವಸಹಿತ ಹೊರತಂದ ಸಂಗತಿಯನ್ನು ವಾಚಕರು ಮರೆತಿರಲಾರರು. ಅವರನ್ನು ಮೊದಲು ಕಂಡ ಆಂಗ್ಲರಾದ ರಿಕ್ ಸ್ಟಾಂಟನ್, ಜಾನ್ ವೊಲಾಂಥನ್ ಇಬ್ಬರೂ ಸೈನಿಕರಲ್ಲ. ಮೊದಲನೆಯವರು ಅಗ್ನಿಶಾಮಕ ದಳದ ನಿವೃತ್ತ ನೌಕರರು, ಎರಡನೆಯವರು ಕಂಪ್ಯೂಟರ್ ಕೆಲಸದವರು. ವಿರಾಮಕಾಲದಲ್ಲಿ ಹವ್ಯಾಸವಾಗಿ ಕಲಿತ ವಿದ್ಯೆಯೇ ಆಗ ಹದಿಮೂರು ಜೀವಗಳಿಗೆ ಆಧಾರವಾಯಿತು. ಆದರೆ ಅದೇ ಕಾರ್ಯದಲ್ಲಿ ಥಾಯ್ ನೌಕಾದಳದ ಮಾಜಿ ಯೋಧ ಸಮನ್ ಕುನಾನ್ ಅವರು ಪ್ರಾಣವನ್ನು ನೀಗಿದರು. ಇಂತಹ ವಿದ್ಯೆಯನ್ನು ಜನರಲ್ಲಿ ಹರಡುವುದು ಧರ್ಮವೇ, ಅಧರ್ಮವೇ?

ತೆರೆದ ನೀರಿನಲ್ಲಿ ಮುಳುಗಿದವನಿಗೆ ಆಪತ್ತೊದಗಿದರೆ ಮೇಲಕ್ಕೇಳುವ ಮಾರ್ಗವಾದರೂ ಉಂಟು. ಗುಹೆಯಲ್ಲಿ ತಲೆಯ ಮೇಲೆ ಬಂಡೆ. ಬಂದ ದಾರಿಯೇ ಮರಳುವ ದಾರಿ. ಕಾಲಿನ ಒಂದು ಒದೆತಕ್ಕೆ ಕೆಸರೆದ್ದು ತನ್ನ ಕೈ ತನಗೇ ಕಾಣದಂತಾಗುತ್ತದೆ. 30 ಮೀಟರು ಆಳದಲ್ಲಿ ಪ್ರತಿಯೊಂದು ಉಸಿರಿಗೂ ಮೇಲಿನ ನಾಲ್ಕರಷ್ಟು ಗಾಳಿ ವೆಚ್ಚವಾಗುತ್ತದೆ.

ಹಾಗಾದರೆ ಈ ವಿದ್ಯೆಯನ್ನು ಮುಚ್ಚಿಡುವುದೇ ಲೇಸೆಂದು ಕೆಲವರು ಹೇಳಬಹುದು. ಅಮೆರಿಕದ ಫ್ಲಾರಿಡಾ ಪ್ರಾಂತದ ಅನುಭವವು ಇದಕ್ಕೆ ವಿರುದ್ಧವಾಗಿದೆ. ಅಲ್ಲಿನ ಸುಣ್ಣಕಲ್ಲಿನ ಗುಹೆಗಳಿಂದ ಹೊರಹೊಮ್ಮುವ ತಿಳಿನೀರಿನ ಚಿಲುಮೆಗಳು ಅನೇಕರನ್ನು ಒಳಕ್ಕೆಳೆದವು. ಷೆಕ್ ಎಕ್ಸ್ಲಿ ಎಂಬವರು ಅಲ್ಲಿ ಸಂಭವಿಸಿದ ಮರಣಗಳನ್ನು ಪರಿಶೀಲಿಸಿ 1979ರಲ್ಲಿ ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದರು. ಮೃತರಲ್ಲಿ ತೆರೆದ ನೀರಿನ ವಿದ್ಯೆಯನ್ನು ಕಲಿಸುತ್ತಿದ್ದ ಬೋಧಕರೂ ಇದ್ದರು! ಅವರಿಗೆ ಧೈರ್ಯದ ಕೊರತೆಯಿರಲಿಲ್ಲ. ಗುಹೆಯ ಜ್ಞಾನದ ಕೊರತೆಯಿತ್ತು. ಗುಹೆಯ ಬಾಯಿಯವರೆಗೆ ಎಲ್ಲಿಯೂ ಕಡಿಯದ ದಾರವೊಂದಿರಬೇಕು. ಗಾಳಿಯಲ್ಲಿ ಮೂರನೆಯ ಒಂದು ಪಾಲು ಒಳಹೋಗಲು, ಒಂದು ಪಾಲು ಹೊರಬರಲು, ಮಿಕ್ಕ ಪಾಲು ತನ್ನ ಮತ್ತು ಜೊತೆಗಾರನ ಆಪತ್ತಿಗೆ ಮೀಸಲು. ಮಿತಿಮೀರಿದ ಆಳಕ್ಕಿಳಿಯಬಾರದು: ಈ ನಿಯಮಗಳು ಸತ್ತವರಿಂದ ಬದುಕಿರುವವರಿಗೆ ದೊರೆತ ಪಾಠಗಳು. ಇವುಗಳನ್ನು ಮುಚ್ಚಿಟ್ಟರೆ ಕುತೂಹಲವು ಅಡಗದು. ಅಜ್ಞಾನದಿಂದ ಸಾಯುವವರ ಸಂಖ್ಯೆ ಮಾತ್ರ ಬೆಳೆಯುವುದು.

ಆದರೆ ಕಲಿಸುವುದು ಬೇರೆ, ಕರೆಯುವುದು ಬೇರೆ. ನೀಲಿನೀರಿನ ಮನೋಹರ ಚಿತ್ರಗಳನ್ನು ತೋರಿಸಿ, ಕೆಲವೇ ದಿನಗಳಲ್ಲಿ ಪ್ರಮಾಣಪತ್ರ ದೊರೆಯುವುದೆಂದು ಆಸೆ ಹುಟ್ಟಿಸಿ, ಶುಲ್ಕಕ್ಕಾಗಿ ಶಿಷ್ಯರನ್ನು ಕೂಡಿಸುವುದನ್ನು ನಾವು ವಿದ್ಯಾದಾನವೆಂದು ಒಪ್ಪಲಾರೆವು. ಆ ಚಿತ್ರಗಳಲ್ಲಿ ಕೆಸರೆದ್ದ ಕತ್ತಲೆ ಕಾಣುವುದಿಲ್ಲ. ಫ್ಲಾರಿಡಾದ ಅನೇಕ ಗುಹೆಗಳ ಬಾಯಲ್ಲಿ ಮೃತ್ಯುವಿನ ಚಿತ್ರವನ್ನೇ ಬರೆದು, ತರಬೇತಿಯಿಲ್ಲದವರು ಮುಂದೆ ಹೋಗಕೂಡದೆಂದು ಫಲಕಗಳನ್ನು ನಿಲ್ಲಿಸಿರುವರು. ಇದು ಪ್ರಾಮಾಣಿಕವಾದ ಜಾಹೀರಾತು. ನಿಯಮಗಳನ್ನು ಬರೆದ ಎಕ್ಸ್ಲಿಯವರೇ 1994ರಲ್ಲಿ, ಮೆಕ್ಸಿಕೋದ ಸಕಾಟೋನ್ ಜಲಕೂಪದಲ್ಲಿ ಆಳದ ದಾಖಲೆಯನ್ನು ಮೀರುವ ಯತ್ನದಲ್ಲಿ ಮೃತರಾದರು. ವಿದ್ಯೆಯು ಅಪಾಯವನ್ನು ತಗ್ಗಿಸಬಲ್ಲುದು, ಇಲ್ಲವಾಗಿಸದು.

ತನ್ನ ಪ್ರಾಣ ತನ್ನದೆಂದು ಸಾಹಸಿಯು ಹೇಳಬಹುದು. ಆದರೆ ಅವನ ದೇಹವನ್ನು ತರಲು ಇಳಿಯುವವನ ಪ್ರಾಣ ಯಾರದು? ದಕ್ಷಿಣ ಆಫ್ರಿಕದ ಬುಶ್‌ಮನ್ಸ್ ಹೋಲ್ ಎಂಬಲ್ಲಿ, ಹತ್ತು ವರ್ಷಗಳ ಹಿಂದೆ ಮುಳುಗಿದ್ದ ತರುಣನೊಬ್ಬನ ಶವವನ್ನು ತಂದೆತಾಯಿಗಳಿಗೆ ಒಪ್ಪಿಸಬೇಕೆಂದು 2005ರ ಜನವರಿಯಲ್ಲಿ ಸುಮಾರು 270 ಮೀಟರು ಆಳಕ್ಕಿಳಿದ ಡೇವ್ ಷಾ ಅವರು ತಾವೂ ಅಲ್ಲಿಯೇ ಅಸುನೀಗಿದರು.

ಆದುದರಿಂದ ಬೋಧಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಬಂದವನಿಗೆ ಕಲಿಸಲಿ, ಬಾರದವನನ್ನು ಕರೆಯದಿರಲಿ. ಗುಹೆಯ ಸೊಬಗನ್ನು ವರ್ಣಿಸುವ ಮೊದಲು ಅಲ್ಲಿ ಮಡಿದವರ ವೃತ್ತಾಂತವನ್ನು ಹೇಳಲಿ. ಅರ್ಹತೆಯಿಲ್ಲದವನಿಗೆ ಅವನು ಕೊಟ್ಟ ಹಣವನ್ನು ಮರಳಿಸಿ, ಇದು ನಿನಗಲ್ಲವೆಂದು ಹೇಳುವ ಸ್ಥೈರ್ಯವಿರಲಿ. ಆ ಒಂದು ಮಾತನ್ನಾಡಲಾರದವನು ಎಷ್ಟು ಆಳವನ್ನು ಕಂಡಿದ್ದರೂ ಗುರುವೆನಿಸಲಾರನು.